ಹರಿಹರದ ಎಂಟು ಕೊಕ್ಕೆಗಳು

ಬೆಳಗಿನ ರೈಲಿಗೆ ಬೆಂಗಳೂರಿನಲ್ಲಿ ಹತ್ತಿದಾಗ ನನ್ನ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದರಲ್ಲಿ ಮನೆಯವಳು ಕಟ್ಟಿಕೊಟ್ಟ ಚಪಾತಿ, ಪಲ್ಯ. ಇನ್ನೊಂದರಲ್ಲಿ ಎರಡು ತುಂಡಾದ ಒಂದು ಉಕ್ಕಿನ ಕೊಕ್ಕೆ. ದಾವಣಗೆರೆಗೆ ಕೂರುವ ಸೀಟಿನ ಟಿಕೆಟ್ಟು ನೂರ ಎಪ್ಪತ್ತು ಚಿಲ್ಲರೆ ರೂಪಾಯಿ, ಹಾದಿ ನಾಲ್ಕು ತಾಸಿನದು. ಚಪಾತಿ ತುಮಕೂರಿಗೆ ಮುಂಚೆಯೇ ಖಾಲಿಯಾಯಿತು. ಭಯವಾದಾಗ ನನಗೆ ಹಸಿವು ಹೆಚ್ಚುತ್ತದೆ. ಇದು ಹಳೆಯ ಕಾಯಿಲೆ.

ಭಯ ಯಾತರದೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಂಪನಿ ಯುದ್ಧವಿಮಾನದ ರೆಕ್ಕೆಯಡಿ ಬಾಂಬು ತೂಗುಹಾಕುವ ರ‍್ಯಾಕುಗಳನ್ನು ತಯಾರಿಸುತ್ತದೆ. ಒಂದೊಂದು ರ‍್ಯಾಕಿನಲ್ಲಿ ಎರಡು ಕೊಕ್ಕೆ. ಇನ್ನೂರೈವತ್ತು ಕಿಲೋ ಭಾರ ಆ ಎರಡು ಕೊಕ್ಕೆಗಳನ್ನೇ ನಂಬಿಕೊಂಡು ಜೋತಿರುತ್ತದೆ. ವಿಮಾನ ಏರಲಿ, ಮಗುಚಲಿ, ಕೊಕ್ಕೆ ಬಿಡಬಾರದು. ಪೈಲಟ್ ಗುಂಡಿ ಒತ್ತಿದ ಮೇಲೆ ಅರೆಕ್ಷಣವೂ ಹಿಡಿದಿರಬಾರದು. ಇಷ್ಟೇ ಅದರ ಧರ್ಮ. ಇಂಥ ಭಾಗಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಸೀಲು ಒತ್ತುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ನನ್ನ ಸೀಲಿನ ಬಗ್ಗೆ ನನಗೆ ಜಂಬವಿತ್ತು. ಇಲ್ಲ ಎಂದರೆ ಸುಳ್ಳಾದೀತು.

ಮೂರು ದಿನದ ಹಿಂದೆ ನಮ್ಮ ಪರೀಕ್ಷಾ ಬೆಂಚಿನಲ್ಲಿ ಭಾರ ಹೊತ್ತು ಸುಮ್ಮನೆ ನಿಂತಿದ್ದ ಒಂದು ಕೊಕ್ಕೆ, ಯಾರೂ ಮುಟ್ಟದೆ, ತಾನಾಗಿ ಮುರಿದುಬಿತ್ತು. ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ನಲವತ್ತರ ಕಂತಿನದು ಅದು. ಅದೇ ಕಂತಿನ ಎಂಟು ಕೊಕ್ಕೆಗಳು ಆಗಲೇ ಒಂದು ವಿಮಾನದ ರೆಕ್ಕೆಯಡಿ ಕೂತಿದ್ದವು. ಆ ವಿಮಾನವಿದ್ದ ಊರಿನ ಹೆಸರು ಹೇಳುವಂತಿಲ್ಲ. ನಾನು ರೈಲು ಹತ್ತಿದ ದಿನವೇ ಸಂಜೆ ನಾಲ್ಕಕ್ಕೆ ಮೊದಲ ಬಾರಿ ಅವುಗಳಿಗೆ ಭಾರ ತೂಗುಹಾಕುವವರಿದ್ದರು. ಸಿಡಿಯುವ ಬಾಂಬಲ್ಲ, ಕಾಂಕ್ರೀಟು ತುಂಬಿದ ನಕಲಿ. ಆದರೆ ತೂಕ ನಕಲಿಯಲ್ಲ. ತೂಗುಹಾಕಿದ ಮೇಲೆ ಅಲುಗದಂತೆ ಇಕ್ಕೆಲದ ತಿರುಪು ಬಿಗಿಯಲು ನಾಲ್ಕೈದು ಜನ ಅದರ ಕೆಳಗೇ ಮಂಡಿಯೂರಿ ಕೂರುತ್ತಾರೆ.

ನನ್ನ ಮೇಲಧಿಕಾರಿ ವಸುಧಾ ಮೇಡಂ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಿದ್ದರು. "ನಿಮ್ಮ ಬೆಂಚಿನದೇ ತಪ್ಪು ಅಂತ ವಿಮಾನದ ಕಡೆಯವರು ವಾದಿಸ್ತಾರೆ ರಂಗನಾಥ್. ಲ್ಯಾಬ್ ವರದಿಗೆ ಇನ್ನೂ ಎರಡು ದಿನ ಬೇಕು. ನಾಳೆ ನಾಲ್ಕು ಗಂಟೆಯೊಳಗೆ ನಿಮ್ಮ ಕೈಯಲ್ಲಿ ಒಂದು ಕಾರಣ ಇದ್ದರೆ ನಾನು ನಿಲ್ಲಿಸ್ತೀನಿ. ಬರೀ ಅನುಮಾನ ಸಾಲದು."

ಫೋನಿನಲ್ಲಿ ವಿಚಾರಿಸಿದರೆ ಹರಿಹರದಿಂದ ಬರುವ ಉತ್ತರ ನನಗೆ ಬಾಯಿಪಾಠ: ಎಲ್ಲಾ ಸರಿ ಐತೆ ಸಾರ್. ಅದಕ್ಕೇ ಹೊರಟಿದ್ದೆ.

ಚಿಕ್ಕಜಾಜೂರು ದಾಟಿದ ಮೇಲೆ ಕಿಟಕಿಯಾಚೆ ಭತ್ತದ ಕೊಯ್ಲು ಕಂಡಿತು. ಕಾರ್ತಿಕದ ಚಳಿ ಇನ್ನೂ ಗದ್ದೆ ಬಿಟ್ಟಿರಲಿಲ್ಲ. ಹಿಂದಿನ ಸಲ ಇದೇ ಹಾದಿಯಲ್ಲಿ ಬಂದದ್ದು ಆಯುಧಪೂಜೆಯ ದಿನ. ಬೇರೊಂದು ಭಾಗದ ತಪಾಸಣೆಗೆಂದು ಬಂದವನನ್ನು ಕಾರ್ಖಾನೆಯ ಮಾಲೀಕ ಕೊಟ್ರೇಶಪ್ಪನವರು ಪೂಜೆಗೆ ಉಳಿಸಿಕೊಂಡಿದ್ದರು. ದೊಡ್ಡ ಅತಿಥಿಯೆಂದು ನನ್ನ ಕೈಯಲ್ಲೇ ಆರತಿ ಎತ್ತಿಸಿದ್ದರು. ಗಾಳಿಗೆ ಎರಡು ಸಲ ದೀಪ ಆರಿ, ಮೂರನೇ ಸಲ ನಿಂತಿತ್ತು. ಆಮೇಲೆ ಹೋಳಿಗೆ ಊಟ. ಅಂಥ ಕಡೆಗೆ ಈಗ ಮುರಿದ ಕೊಕ್ಕೆ ಹಿಡಿದು ಹೋಗುವುದು ನನಗೆ ಸಂಕಟವೇ ಆಗಿತ್ತು.

ದಾವಣಗೆರೆಯಲ್ಲಿ ಇಳಿದಾಗ ಹತ್ತೂಕಾಲು. ಕೊಟ್ರೇಶಪ್ಪನವರು ಕಾರು ತಂದಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಎರಡು ಲೇತಿನಿಂದ ಶುರುಮಾಡಿ ಮೂವತ್ತು ಜನರ ಕಾರ್ಖಾನೆ ಕಟ್ಟಿದವರು.

"ಮೊದ್ಲು ಮನೀಗೆ ಬರ್ರಿ ಸಾರ್. ಎಂ.ಸಿ.ಸಿ. ಬಿ ಬ್ಲಾಕು, ಇಲ್ಲೇ ಐತೆ. ದ್ವಾಸೆ ಹಾಕ್ತಾರೆ, ತಿಂದು ಹೋಗಾಣ."

"ಬೇಡ, ನೇರ ಹರಿಹರಕ್ಕೆ ಹೋಗೋಣ. ನಾಲ್ಕು ಗಂಟೆಗೆ ಭಾರ ತೂಗುಹಾಕ್ತಾರೆ."

"ಅದಕ್ಕೂ ದ್ವಾಸೆಗೂ ಏನ್ ಸಂಬಂಧ ಸಾರ್? ಹೊಟ್ಟೆ ಖಾಲಿ ಇಟ್ಕಂಡು ತಪಾಸಣೆ ಮಾಡಿದ್ರೆ ಇಲ್ಲದ್ದೆಲ್ಲಾ ತಪ್ಪು ಕಾಣಿಸ್ತಾವೆ."

ಅವರು ನಕ್ಕರು, ನಾನು ನಗಲಿಲ್ಲ. ಕಡೆಗೆ ದಾರಿಯ ಪಕ್ಕದ ಹೋಟೆಲಿನಲ್ಲಿ ನಿಂತುಕೊಂಡೇ ಒಂದೊಂದು ಬೆಣ್ಣೆ ದೋಸೆ ತಿಂದೆವು. ಬೇರೆ ದಿನವಾಗಿದ್ದರೆ ನಾಲ್ಕು ತಿನ್ನುತ್ತಿದ್ದೆ. ಅಂದು ಬೆಣ್ಣೆಯ ರುಚಿಯೂ ನಾಲಿಗೆಗೆ ಹತ್ತಲಿಲ್ಲ.

ಹರಿಹರ ಅಲ್ಲಿಂದ ಹದಿನಾಲ್ಕು ಕಿಲೋಮೀಟರು. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು. ಲಾರಿ ಎದುರಾದಾಗಲೆಲ್ಲ ನಾವು ಜೋಳದ ಅಂಚಿಗೆ ಸರಿದು ಕಾಯಬೇಕಾಯಿತು. ದಾರಿಯುದ್ದಕ್ಕೂ ಕೊಟ್ರೇಶಪ್ಪನವರು ಬೇರೆ ಏನೇನೋ ಮಾತಾಡಿದರು, ಕರೆಂಟಿನ ಕಾಟ, ಉಕ್ಕಿನ ರೇಟು, ಹೊಳೆಯ ನೀರು. ಕೊಕ್ಕೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದು ಹೇಗೆ ಮುರಿಯಿತೆಂದು ಸಹ ಕೇಳಲಿಲ್ಲ. ತಯಾರಿಸಿದವನು ಕೇಳಬೇಕಾದ ಮೊದಲ ಪ್ರಶ್ನೆ ಅದು.

ಕಾರ್ಖಾನೆ ತಲುಪಿದಾಗ ಹನ್ನೊಂದೂವರೆ. ತಗಡಿನ ಶೆಡ್ಡು, ಎಣ್ಣೆಯ ವಾಸನೆ, ಲೇತುಗಳ ಸದ್ದು. ಹಬ್ಬ ಕಳೆದು ತಿಂಗಳಾದರೂ ಪ್ರತಿ ಯಂತ್ರದ ನೆತ್ತಿಯ ಮೇಲೂ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ಕೈ ತಾಗುವ ಕಡೆ ಅಳಿಸಿತ್ತು, ತಾಗದ ಕಡೆ ಹಾಗೇ ಇತ್ತು. ಕೊನೆಯಲ್ಲಿ ಬೀರುವಿನೆತ್ತರದ ಬಿಸಿ ಪೆಟ್ಟಿಗೆ, ಅಲ್ಲಿನವರ ಬಾಯಲ್ಲಿ ಓವನ್ನು. ನನಗೆ ಬೇಕಾದದ್ದು ಅದೇ.

ಯಾಕೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ತುಕ್ಕು ಹಿಡಿಯದಿರಲಿ ಎಂದು ಕೊಕ್ಕೆಗಳನ್ನು ರಸಾಯನದ ತೊಟ್ಟಿಯಲ್ಲಿ ಅದ್ದಿ ಲೇಪ ಕೊಡುತ್ತಾರೆ. ಆಗ ಉಕ್ಕಿನೊಳಕ್ಕೆ ಹೈಡ್ರೋಜನ್ ಹೊಕ್ಕುಕೊಳ್ಳುತ್ತದೆ. ತೊಟ್ಟಿಯಿಂದ ತೆಗೆದ ನಾಲ್ಕು ತಾಸಿನೊಳಗೆ ಓವನ್ನಿನಲ್ಲಿಟ್ಟು, ಇಪ್ಪತ್ತಮೂರು ತಾಸು ಬಿಡದೆ ಕಾಯಿಸಿ ಅದನ್ನು ಹೊರಹಾಕಬೇಕು. ತಡವಾದರೆ ಅದು ಒಳಗೊಳಗೇ ಉಕ್ಕನ್ನು ಸೀಳಲು ಶುರುಮಾಡುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಬಿದ್ದ ಬಿರುಕು ಕೂಡುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಅಳತೆಗೆ ಸಿಗುವುದಿಲ್ಲ. ಭಾರ ಹೊತ್ತು ನಿಂತಾಗ, ಒಂದು ದಿನಕ್ಕೋ ಎರಡು ದಿನಕ್ಕೋ, ಪಟಕ್ಕನೆ ಹೋಗುತ್ತದೆ.

ಕೊಟ್ರೇಶಪ್ಪನವರು ಕಡತ ತಂದಿಟ್ಟರು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ತೊಟ್ಟಿಯಿಂದ ತೆಗೆದದ್ದು ಮಧ್ಯಾಹ್ನ ಒಂದಕ್ಕೆ, ಓವನ್ನಿಗೆ ಇಟ್ಟದ್ದು ಎರಡು ನಲವತ್ತಕ್ಕೆ. ಓವನ್ನಿನ ಬಿಸಿಗೆ ತಕ್ಕಂತೆ ತಾನಾಗಿ ಗೆರೆ ಎಳೆಯುವ ಯಂತ್ರದ ಗ್ರಾಫ್ ಹಾಳೆಯೂ ಜೊತೆಗಿತ್ತು; ಶುರುವಾದ ಹೊತ್ತನ್ನು ಮಾತ್ರ ಅದರ ಮೇಲೆ ಕೈಯಲ್ಲಿ ಬರೆಯುವುದು. ಇಪ್ಪತ್ತನಾಲ್ಕು ತಾಸು, ಎಲ್ಲೂ ತುಂಡಾಗದ ಗೆರೆ. ಕೆಳಗೆ ಓವನ್ ನೋಡಿಕೊಳ್ಳುವ ಹಾಲಮ್ಮನ ಸಹಿ, ಅದರ ಕೆಳಗೆ ಬೆಂಗಳೂರಿನಲ್ಲಿ ಕೂತು ನಾನು ಒತ್ತಿದ ಸೀಲು. ದಿನಾಂಕ ನೋಡಿ ನನ್ನ ಕೈ ನಿಂತಿತು.

"ಕೊಟ್ರೇಶಪ್ಪನವರೇ, ಇದು ಆಯುಧಪೂಜೆಯ ದಿನ ಅಲ್ಲವೇ?"

"ಹೌದ್ರಿ. ಮಧ್ಯಾಹ್ನದ ತನಕ ಕೆಲ್ಸ ಇತ್ತು. ಮೂರು ಗಂಟೆಗೆ ಪೂಜೆ. ನೀವೂ ಇದ್ರಲ್ಲ."

ಮತ್ತೆ ಹಾಳೆ ನೋಡಿದೆ. ಗೆರೆ ಹೊರಟದ್ದು ಇಪ್ಪತ್ತೆರಡು ಡಿಗ್ರಿಯಿಂದ. ಮಧ್ಯಾಹ್ನ ಎರಡು ನಲವತ್ತಕ್ಕೆ ಹರಿಹರದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ಡಿಗ್ರಿ ಎಲ್ಲಿಂದ ಬರಬೇಕು? ಅದು ಬೆಳಗಿನ ಜಾವದ ತಂಪು. ಸೀಲು ಒತ್ತುವಾಗ ನಾನು ಗೆರೆ ತುಂಡಾಗಿದೆಯೇ ಎಂದಷ್ಟೇ ನೋಡಿದ್ದೆ, ಎಲ್ಲಿಂದ ಶುರುವಾಗಿದೆ ಎಂದು ನೋಡಿರಲಿಲ್ಲ.

"ಹಾಲಮ್ಮನ್ನ ಕರೀರಿ."

"ರಜಾ ಐತೆ ಸಾರ್ ಆಕೀಗೆ. ಮೈ ಹುಷಾರಿಲ್ಲ. ಊಟಕ್ಕೆ ಹೊತ್ತಾತು, ಬರ್ರಿ."

"ಈ ಗೆರೆ ಮಧ್ಯಾಹ್ನದ್ದಲ್ಲ."

ಅವರು ಕರ್ಚೀಫು ತೆಗೆದು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. "ಬಿಸಿ ಅಂತೂ ಪೂರ್ತಿ ಕೊಟ್ಟೀವಿ ಸಾರ್. ಅಷ್ಟು ಸಾಕಲ್ಲ, ಯಾಕ ಕೆದಕ್ತೀರಿ," ಎಂದರು. ಬೆದರಿಕೆಯ ಧ್ವನಿಯಲ್ಲ, ಬೇಡಿಕೊಳ್ಳುವ ಧ್ವನಿ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಹೊರಗೆ ಬಂದು ಮೇಡಂಗೆ ಫೋನು ಮಾಡಿದೆ. ಕೇಳಿಕೊಂಡು ಹೇಳಿದರು: "ಗೆರೆ ಎಳೆಯೋ ಯಂತ್ರವೇ ಹತ್ತು ಡಿಗ್ರಿ ಕಮ್ಮಿ ತೋರಿಸ್ತಿದ್ದಿರಬಹುದು ಅಂದರೆ ಏನು ಹೇಳಲಿ? ಕಾಗದವೋ, ಕಂಡವರ ಮಾತೋ, ಒಂದು ಬೇಕು. ಒಂದು ಗಂಟೆ ಆಯ್ತು."

ಗೇಟಿನ ಬಳಿ ಕೈ ತೊಳೆಯುತ್ತಿದ್ದ ಲೇತಿನ ಹಿರಿಯ ಕೆಲಸಗಾರನೊಬ್ಬ ನನ್ನ ಮುಖ ನೋಡದೆ ಹೇಳಿದ: "ಹಾಲಮ್ಮ ರಜಾ ಹಾಕಿಲ್ಲ ಸಾರ್. ಹಾಕಿಸ್ಯಾರೆ. ದಾವಣಗೆರೆ ವಿನೋಬನಗರದಾಗೆ ಮನೆ. ಹಿಟ್ಟಿನ ಗಿರಣಿ ಪಕ್ಕ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

ಕೊಟ್ರೇಶಪ್ಪನವರ ಕಾರು ಕೇಳಲು ಮನಸ್ಸಾಗಲಿಲ್ಲ. ಆಟೊ ಹಿಡಿದು ಹರಿಹರದ ಬಸ್ ನಿಲ್ದಾಣಕ್ಕೆ ಬಂದೆ. ದಾವಣಗೆರೆಗೆ ಹತ್ತು ನಿಮಿಷಕ್ಕೊಂದು ಬಸ್ಸು ಎನ್ನುತ್ತಾರೆ. ಅವಸರವಿದ್ದವನಿಗೆ ಮಾತ್ರ ಅದು ಅರ್ಧ ತಾಸಾಗುತ್ತದೆ. ಸಿಕ್ಕ ಬಸ್ಸಿನಲ್ಲಿ ನಿಂತೇ ಬಂದೆ, ಟಿಕೆಟ್ಟು ಇಪ್ಪತ್ತರೊಳಗೆ. ದಾರಿಯಲ್ಲಿ ಟ್ರಾಕ್ಟರು ಮೆಕ್ಕೆಜೋಳ ತುಂಬಿಸಿಕೊಳ್ಳುತ್ತ ಅಡ್ಡ ನಿಂತಿತ್ತು. ಡ್ರೈವರು ಹಾರನ್ನು ಒತ್ತಿದ, ಜೋಳ ತುಂಬುವವರು ಕೈ ತೋರಿಸಿ ತಾಳು ಎಂದರು. ನನ್ನ ಗಡಿಯಾರದಲ್ಲಿ ಎರಡು ಹತ್ತು. ಆ ಹೊತ್ತಿಗೆ ಅಲ್ಲಿ ನಕಲಿ ಬಾಂಬುಗಳನ್ನು ಗಾಡಿಗೇರಿಸುತ್ತಿರುತ್ತಾರೆ. ಕೆಳಗೆ ಮಂಡಿಯೂರುವವರ ಮುಖ ನಾನು ನೋಡಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ನಿಂತಿದ್ದ ಪ್ರತಿಯೊಬ್ಬನ ಮುಖವನ್ನೂ ಅವರಿಗೆ ಅಂಟಿಸಿ ನೋಡಿದೆ. ಅಂಥ ಪಾಪದ ಆಟ ಬೇಡವೆಂದರೂ ಮನಸ್ಸು ಬಿಡಲಿಲ್ಲ.

ವಿನೋಬನಗರದ ಗಲ್ಲಿಯಲ್ಲಿ ಆಟೊದವನು ಅರವತ್ತು ರೂಪಾಯಿ ತೆಗೆದುಕೊಂಡು ಗಿರಣಿಯ ಬಳಿ ಇಳಿಸಿದ. ಹಾಲಮ್ಮ ಬಾಗಿಲಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಐವತ್ತರ ಹೆಂಗಸು, ಮೈ ಹುಷಾರಾಗಿಯೇ ಇತ್ತು. ನನ್ನನ್ನು ಕಂಡವಳೇ ಎದ್ದು ಸೆರಗು ಸರಿಮಾಡಿಕೊಂಡಳು.

"ಅಯ್ಯ, ಸಾಹೇಬ್ರು ನೀವ್ಯಾಕ ಇಲ್ಲೀಗಂಟ ಬಂದ್ರಿ. ಬರ್ರಿ, ಕೂಡ್ರಿ. ಮಂಡಕ್ಕಿ ಹಚ್ಚಿಕೊಡ್ತೀನಿ."

"ಏನೂ ಬೇಡ ಹಾಲಮ್ಮ. ಒಂದು ಮಾತು ಹೇಳಿಬಿಡಿ. ಹಬ್ಬದ ದಿನ ಇಟ್ಟ ಕೊಕ್ಕೆಗಳಿಗೆ ಓವನ್ ಶುರುವಾದದ್ದು ಯಾವಾಗ?"

ಅವಳು ನೆಲ ನೋಡಿದಳು. "ಬರೆದೀನಲ್ರಿ. ಎರಡು ನಲ್ವತ್ತಕ್ಕೆ."

ನಾನು ಚೀಲದಿಂದ ಮುರಿದ ಕೊಕ್ಕೆ ತೆಗೆದು ಅವಳ ಮುಂದಿಟ್ಟೆ. ಇಂಥವೇ ಎಂಟು ಈಗ ವಿಮಾನದಲ್ಲಿವೆ, ಇನ್ನೊಂದು ತಾಸಿಗೆ ಅವುಗಳಡಿ ಜನ ಕೂರುತ್ತಾರೆ ಎಂದೆ. ಅವಳು ಎರಡು ತುಂಡುಗಳನ್ನೂ ಎತ್ತಿ ಜೋಡಿಸಿ ನೋಡಿದಳು. ಮುರಿದ ಕಡೆ ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು.

"ಎರಡು ನಲ್ವತ್ತಕ್ಕೇ ಶುರು ಮಾಡಿದ್ದೆ ಸಾರ್, ದ್ಯಾವ್ರಾಣೆ. ಆಮ್ಯಾಲೆ ಪೂಜಿ ಹೊತ್ತಿಗೆ ನಿಲ್ಲಿಸಿದೆ. ಪೂಜಿ ಆದ ಆಯುಧ ಅವತ್ತು ಮುಟ್ಟಂಗಿಲ್ಲ, ನಿಮಗೆ ಗೊತ್ತೈತೆ. ಮಾರನೇ ದಿನ ಆರು ಗಂಟೆಗೇ ಬಂದು ಹಚ್ಚಿದೆ. ಇಪ್ಪತ್ಮೂರು ತಾಸು ಅಂತ ನೀವು ಹೇಳಿದ್ರಿ, ನಾನು ಇಪ್ಪತ್ನಾಲ್ಕು ಕೊಟ್ಟೀನಿ. ಬಿಟ್ಟುಹೋದದ್ದಕ್ಕೆ ಒಂದು ತಾಸು ಹೆಚ್ಚಿಗೆ."

"ನಾಲ್ಕು ತಾಸಿನೊಳಗೆ ಅಂತ ಕಾಗದದಲ್ಲಿ ಇರಲಿಲ್ಲವೇ?"

"ಐತ್ರಿ. ಯಾಕ ನಾಲ್ಕು ಅಂತ ಯಾರೂ ಹೇಳ್ಲಿಲ್ಲ. ಬಿಸಿ ಕಮ್ಮಿ ಆಗಬಾರ್ದು ಅಂತಷ್ಟೇ ನಾನು ತಿಳಕಂಡಿದ್ದೆ."

ಅವರಿಗೆಲ್ಲ ತರಬೇತಿ ಕೊಟ್ಟವನು ನಾನೇ. ಇಪ್ಪತ್ತಮೂರು ತಾಸೆಂದು ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಮೂರು ಸಲ ಕೂಗಿದ್ದೆ. ನಾಲ್ಕು ತಾಸಿನ ಕಾರಣ ಹೇಳಿದ ನೆನಪಿಲ್ಲ. ಊಟದ ಹೊತ್ತಾಗಿತ್ತೋ ಏನೋ. ಆದರೂ ಸಿಟ್ಟು ನನ್ನ ಮೇಲೆ ತಿರುಗಲಿಲ್ಲ. ಸಿಟ್ಟಿಗೆ ಯಾವಾಗಲೂ ಬೇರೊಬ್ಬರ ಮನೆಯೇ ಬೇಕು.

"ಪೂಜೆಗೆ ಓವನ್ ನಿಲ್ಲಿಸು ಅಂತ ಯಾರು ಹೇಳಿದ್ದು? ಕೊಟ್ರೇಶಪ್ಪನವರಾ?"

ಅವಳು ಮತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸತೊಡಗಿದಳು. ಎರಡು ಸಲ ಕೇಳಿದೆ. ಮೂರನೇ ಸಲ ಧ್ವನಿ ಎತ್ತಿದೆ.

"ಆತು ಬಿಡ್ರಿ ಸಾರ್. ನಾನೇ ನಿಲ್ಲಿಸಿದೆ ಅಂತ ಬರಕಳ್ರಿ. ನಂದೇ ತಪ್ಪು."

"ಬೇರೆ ಯಾರೋ ಹೇಳಿದ್ದಾರೆ. ಅವರ ಹೆಸರು ಹೇಳಿ."

ಹಾಲಮ್ಮ ಒಳಗೆ ಹೋದಳು. ದೇವರ ಗೂಡಿನಲ್ಲಿದ್ದ ಫೋಟೊದ ಹಿಂದಿನಿಂದ ಮಡಚಿದ ಒಂದು ಕಾಗದ ತೆಗೆದು ತಂದಳು. ಗ್ರಾಫ್ ಹಾಳೆ. ಅದರ ಮೇಲೆ ಬೆರಳಿನಿಂದ ಎಳೆದ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ಪಟ್ಟೆಗಳ ಕೆಳಗೆ ಗೆರೆ ಮೂವತ್ತನಾಲ್ಕು ಡಿಗ್ರಿಯಿಂದ ಹೊರಟು ಇಪ್ಪತ್ತು ನಿಮಿಷ ಏರಿ, ಮೂರು ಗಂಟೆಗೆ ಬಾಗಿ, ಇಳಿದು, ಮಲಗಿತ್ತು.

"ಪೂಜಿ ಆದದ್ದು, ಕಸಕ್ಕೆ ಹಾಕಾಕೆ ಮನಸ್ಸು ಬರ್ಲಿಲ್ಲ. ಇಟ್ಕಂಡಿದ್ದೆ. ಹೊಸ ಹಾಳಿಗೆ ಹಳೇ ಹೊತ್ತೇ ಬರಿ ಅಂತ ಮಾಲೀಕ್ರು ಅಂದ್ರು, ಬರೆದೆ." ಹಾಳೆಯ ಮೇಲಿನ ವಿಭೂತಿ ತೋರಿಸಿ ಹೇಳಿದಳು. "ಹಾಳಿ ಓವನ್ನಿನ ಮ್ಯಾಲೆ ಇದ್ದಾಗಲೇ ಈ ಪಟ್ಟೆ ಎಳೆದವರು ನೀವೇ ಸಾರ್. ಓವನ್ನಿನ ಕಿಂಡಿಯಿಂದ ಫ್ಯಾನಿನ ಗಾಳಿ ಬಂದು ಆರತಿ ದೀಪ ಎರಡು ಸಲ ಆರಿತು. 'ಅದನ್ನ ನಿಲ್ಲಿಸ್ರಮ್ಮ, ದೀಪ ಆರಬಾರದು' ಅಂದ್ರಿ. ಫ್ಯಾನು ನಿಂತ್ರೆ ಓವನ್ನೂ ನಿಲ್ತೈತೆ. ದೊಡ್ಡೋರು, ಅದರಾಗೆ ತಪಾಸಣೆಯೋರು ನೀವೇ ಅಂದ ಮ್ಯಾಲೆ ಏನೂ ಆಗಲ್ಲ ಅಂದ್ಕಂಡೆ. ಬ್ಯಾಡ ಅಂತ ಹೆಂಗೆ ಹೇಳ್ಲಿ?"

ಮೂರನೇ ಸಲ ದೀಪ ಯಾಕೆ ನಿಂತಿತೆಂದು ಒಂದು ತಿಂಗಳು ನಾನು ಯೋಚಿಸಿರಲೇ ಇಲ್ಲ. ಈಗ ಎಲ್ಲ ಕಣ್ಣಿಗೆ ಕಟ್ಟಿತು. ಹಿತ್ತಾಳೆಯ ತಟ್ಟೆ, ಬಾಗಿದ ಜ್ವಾಲೆ, ನನ್ನ ಗತ್ತಿನ ದನಿ, ಹಾಲಮ್ಮ ಓಡಿಹೋಗಿ ಸ್ವಿಚ್ಚು ಕೆಳಗೆಳೆದದ್ದು. ನನಗೆ ನಾಚಿಕೆಯಾಯಿತು. ಆಗ ಅವಳ ಮುಂದೆ ಕೂತಿರಲಾರದೆ ಎದ್ದು ಗಲ್ಲಿಗೆ ಬಂದು ನಿಂತೆ. ಗಿರಣಿಯಲ್ಲಿ ಜೋಳ ಬೀಸುವ ಸದ್ದು. ಗಡಿಯಾರ ಮೂರು ಹತ್ತು.

ಒಂದು ನಿಮಿಷ ಸುಮ್ಮನೆ ನಿಂತೆ. ಆ ನಿಮಿಷವನ್ನು ಇಲ್ಲಿ ಬರೆಯದಿದ್ದರೆ ಈ ಕಥನ ಬರೆದೂ ಪ್ರಯೋಜನವಿಲ್ಲ. ಆಪರೇಟರು ನಿಲ್ಲಿಸಿದಳು ಎಂದರೆ ಸಾಕಿತ್ತು. ಹಾಳೆ ಸಾಕ್ಷಿಗಿತ್ತು, ಅವಳು ಒಪ್ಪಿಯೂ ಇದ್ದಳು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ಹಾಳೆಯ ಫೋಟೊ ಕಳಿಸಿ ಫೋನು ಮಾಡಿದೆ. "ಮೇಡಂ, ಓವನ್ ಹದಿನೈದು ತಾಸು ನಿಂತಿತ್ತು. ನಿಲ್ಲಿಸಿ."

"ಓವನ್ ನಿಲ್ಲಿಸಿದ್ದು ಯಾರು? ಅವರು ಮೊದಲು ಕೇಳೋದೇ ಅದು."

"ನಿಲ್ಲಿಸು ಅಂದವನು ನಾನು."

"ಸರಿ, ಲೈನಲ್ಲಿರಿ," ಎಂದರು. ಇನ್ನೊಂದು ಫೋನಿನಲ್ಲಿ ಮಾತಾಡುವುದು ಕೇಳಿಸಿತು, ಪದ ಕೇಳಿಸಲಿಲ್ಲ. ಏಳು ನಿಮಿಷ ಗಿರಣಿಯ ಗೋಡೆಗೆ ಒರಗಿ ನಿಂತಿದ್ದೆ. ಹಾಲಮ್ಮ ಒಂದು ಲೋಟ ನೀರು ತಂದು ಪಕ್ಕದಲ್ಲಿ ನಿಂತಳು.

"ಗಾಡಿ ರೆಕ್ಕೆಯಡಿ ಬಂದಿತ್ತಂತೆ. ವಾಪಸ್ ಕಳಿಸಿದಾರೆ. ಎಂಟನ್ನೂ ಬಿಚ್ಚಿ ಬಿರುಕು ನೋಡ್ತಾರೆ," ಎಂದರು ಮೇಡಂ.

ನೀರು ಕುಡಿದೆ. ಹಾಲಮ್ಮ ಲೋಟ ಇಸಿದುಕೊಂಡಳು.

ಅಷ್ಟರಲ್ಲಿ ಕೊಟ್ರೇಶಪ್ಪನವರ ಕಾರು ಗಲ್ಲಿಯ ಬಾಯಿಗೆ ಬಂದು ನಿಂತಿತು. ಇಳಿದು ಬಂದವರು ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. "ನಿಮ್ಮ ಹೆಸರು ಬರಬಾರ್ದು ಅಂತ ಇಷ್ಟೆಲ್ಲಾ ಮಾಡಿದ್ವಿ ಸಾರ್. ಕರೆದು ಆರತಿ ಕೊಟ್ಟ ಅತಿಥಿಗೆ, ನಿಮ್ಮಿಂದ ಕೆಟ್ಟಿತು ಅಂತ ಯಾವ ಬಾಯಾಗೆ ಹೇಳೋದು?" ಎಂದರು. ಅವರಿಗೆ ಬೈಯಬೇಕೆಂದು ಹರಿಹರದಿಂದ ಜೋಡಿಸಿಟ್ಟುಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆ ಕಂತಿನ ಉಳಿದ ಕೊಕ್ಕೆಗಳು ಎಲ್ಲೇ ಇರಲಿ, ಇವತ್ತೇ ಪಟ್ಟಿ ಮಾಡಿ ಕಳಿಸಿ ಎಂದಷ್ಟೇ ಹೇಳಿದೆ. ಮತ್ತು ನಾಳೆಯಿಂದ ಹಾಲಮ್ಮ ಕೆಲಸಕ್ಕೆ ಬರಬೇಕು ಎಂದೆ. ಅವರು ತಲೆಯಾಡಿಸಿದರು.

ಹೊರಡುವಾಗ ಹಾಲಮ್ಮ ಮಂಡಕ್ಕಿ ಪೊಟ್ಟಣ, ನಾಲ್ಕು ಮೆಣಸಿನಕಾಯಿ ಬಜ್ಜಿ ಕೈಗಿಟ್ಟಳು. "ಆ ಹಾಳಿ ಕೆಲ್ಸ ಮುಗಿದ ಮ್ಯಾಲೆ ಕಸಕ್ಕೆ ಹಾಕಬ್ಯಾಡ್ರಿ ಸಾರ್. ಇಲ್ಲಿಗೆ ಕಳಿಸ್ರಿ, ಹೊಳಿಗೆ ಬಿಡ್ತೀನಿ."

ಸಂಜೆಯ ರೈಲು ದಾವಣಗೆರೆ ಬಿಟ್ಟಿತು. ಹಳೆಯ ಬಟ್ಟೆ ಗಿರಣಿಯ ಚಿಮಣಿ ಹಿಂದೆ ಸರಿಯುವ ತನಕ ನೋಡಿದೆ. ಅರಸೀಕೆರೆಯ ಬಳಿ ಮೇಡಂ ಫೋನು ಬಂತು. ಎಂಟರಲ್ಲಿ ಮೂರು ಕೊಕ್ಕೆಗಳ ಕತ್ತಿನಲ್ಲಿ ಕೂದಲೆಳೆಯ ಬಿರುಕು. ಅದರಲ್ಲಿ ಎರಡು ಒಂದೇ ರ‍್ಯಾಕಿನವು. ಒಂದು ಹೋದರೆ ಇನ್ನೊಂದು ಹಿಡಿಯುತ್ತದೆಂದು ನಾವು ಯಾವಾಗಲೂ ಹೇಳಿಕೊಳ್ಳುವುದು. ಆ ರ‍್ಯಾಕಿನಲ್ಲಿ ಹಿಡಿಯಲು ಯಾರೂ ಇರಲಿಲ್ಲ.

ವರದಿಯ ಫಾರಂ ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂತೆ. ತಯಾರಿಕೆಯ ನಡುವೆ ಕೆಲಸ ನಿಲ್ಲಿಸಲು ಹೇಳಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ, ಭಾಗವನ್ನು ಸರಿಯೆಂದು ಒಪ್ಪಿದ ತಪಾಸಕರು ಎಂಬ ಅಂಕಣವಿತ್ತು. ಅಲ್ಲೂ ಅದೇ ಹೆಸರು ಬರೆಯಬೇಕಿತ್ತು. ಬರೆದೆ. ಸೀಲು ಚೀಲದಲ್ಲೇ ಇತ್ತು. ಅದನ್ನು ಮಾತ್ರ ಒತ್ತಲಿಲ್ಲ. ಹಾಳೆಯನ್ನು ಜೊತೆಗೆ ಪಿನ್ನು ಮಾಡುವಾಗ ಪಟ್ಟೆಯ ವಿಭೂತಿ ಬೆರಳಿಗೆ ಹತ್ತಿತು. ಕಸಕ್ಕೆ ಕೊಡವಲು ಮನಸ್ಸು ಬರಲಿಲ್ಲ, ಹಣೆಗೆ ಹಚ್ಚಿಕೊಳ್ಳುವ ಧೈರ್ಯವೂ ಬರಲಿಲ್ಲ. ಬೆಂಗಳೂರು ಬರುವ ತನಕ ಆ ಬೆರಳನ್ನು ಯಾವುದಕ್ಕೂ ತಾಗಿಸದೆ ಕೂತಿದ್ದೆ.